ಹುಟ್ಟುಹಬ್ಬದ ತಟ್ಟೆಗೆ ಮನೆಯ ರೊಟ್ಟಿ

ಮಗುವಿನ ಹುಟ್ಟುಹಬ್ಬ ಬಂತೆಂದರೆ ಗೃಹಿಣಿಗೆ ಸಡಗರದ ಜೊತೆಗೆ ಚಿಂತೆಯೂ ಹುಟ್ಟಿಕೊಳ್ಳುತ್ತದೆ. ಹತ್ತಿಪ್ಪತ್ತು ಮಕ್ಕಳಿಗೆ ಬೇಕರಿಯಿಂದ ತಿಂಡಿ ತರಿಸಿದರೆ ಖರ್ಚು ಕೈಮೀರುತ್ತದೆ. ಎಲ್ಲವನ್ನೂ ಮನೆಯಲ್ಲೇ ಮಾಡಹೊರಟರೆ, ಮಕ್ಕಳು ಚಾವಡಿಯಲ್ಲಿ ನಲಿಯುತ್ತಿರುವಾಗ ತಾಯಿ ಮಾತ್ರ ಬಾಣಲೆಯ ಮುಂದೆ ಬೆವರಬೇಕು. ಈ ಇಕ್ಕಟ್ಟಿಗೆ ನಾವು ದಿನವೂ ಲಟ್ಟಿಸುವ ರೊಟ್ಟಿಯಲ್ಲೇ ಒಂದು ದಾರಿಯಿದೆ.

ಹುದುಗು ಬರಿಸದ ರೊಟ್ಟಿಯಿಂದ ನೀರಿನಂಶ ಹೋಗಿಬಿಟ್ಟರೆ ಅದು ಗರಿಗರಿಯಾಗಿ ದಿನಗಟ್ಟಲೆ ಉಳಿಯುತ್ತದೆ. ತುಳುನಾಡಿನ ಕೋರಿ ರೊಟ್ಟಿ, ಉತ್ತರ ಕರ್ನಾಟಕದ ಖಡಕ್ ರೊಟ್ಟಿ, ಗುಜರಾತಿನ ಖಾಕ್ರಾ ಇವೆಲ್ಲದರ ಗುಟ್ಟು ಇದೇ. ಆದ್ದರಿಂದ ಹೆಚ್ಚಿನ ಕೆಲಸವನ್ನು ಹಿಂದಿನ ದಿನವೇ ಮುಗಿಸಿಡಬಹುದು.

ಹಿಟ್ಟು: 2 ಕಪ್ ಗೋಧಿ ಹಿಟ್ಟಿಗೆ ಅರ್ಧ ಚಮಚ ಉಪ್ಪು, 2 ಚಮಚ ಎಣ್ಣೆ ಸೇರಿಸಿ, ಸುಮಾರು ಮುಕ್ಕಾಲು ಕಪ್ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಚೆನ್ನಾಗಿ ನಾದಿರಿ. ಒದ್ದೆ ಬಟ್ಟೆ ಮುಚ್ಚಿ 30 ನಿಮಿಷ ಬಿಡಿ. ಆಗ ಹಿಟ್ಟಿನ ಬಿಗಿ ಸಡಿಲಗೊಂಡು, ಲಟ್ಟಿಸಿದ ರೊಟ್ಟಿ ಮತ್ತೆ ಕುಗ್ಗುವುದಿಲ್ಲ.

ಬಟ್ಟಲು: ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಉಬ್ಬದಂತೆ ಅಲ್ಲಲ್ಲಿ ಚುಚ್ಚಿ. ಪುಟ್ಟ ಸ್ಟೀಲ್ ಬಟ್ಟಲನ್ನು ಒರೆಸಿ, ಹೊರಮೈಗೆ ಎಣ್ಣೆ ಸವರಿ, ಅದಕ್ಕೆ ರೊಟ್ಟಿಯನ್ನು ಅಂಟಿಸಿ ಬಟ್ಟಲು ಸಮೇತ ಹದವಾದ ಉರಿಯಲ್ಲಿ ಕರಿಯಿರಿ. ಬೆಂದಂತೆ ರೊಟ್ಟಿ ತಾನಾಗಿ ಬಿಡುತ್ತದೆ. ಇಕ್ಕುಳದಿಂದ ಬಟ್ಟಲನ್ನು ತೆಗೆಯಿರಿ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ, ಇಲ್ಲವಾದರೆ ಮೆತ್ತಗಾಗುತ್ತದೆ. ಬಡಿಸುವ ಹೊತ್ತಿಗೆ ಹೆಸರುಕಾಳಿನ ಕೋಸಂಬರಿ ತುಂಬಿದರಾಯಿತು. ಮಕ್ಕಳು ಕೋಸಂಬರಿ ತಿಂದು ಬಟ್ಟಲನ್ನೂ ತಿನ್ನುತ್ತಾರೆ. ತೊಳೆಯುವ ಕೆಲಸವೂ ಉಳಿಯಿತು!

ಚುಕ್ಕಿ, ಮೀನು: ಲಟ್ಟಿಸಿದ ಹಿಟ್ಟನ್ನು ಬಿಸ್ಕತ್ತಿನ ಅಚ್ಚಿನಿಂದ ಕತ್ತರಿಸಿ. ಅಚ್ಚಿಲ್ಲದಿದ್ದರೆ ಲೋಟದ ಬಾಯಿ, ಡಬ್ಬಿಯ ಮುಚ್ಚಳ ಸಾಕು. ಈ ಕೆಲಸವನ್ನು ಮಕ್ಕಳಿಗೇ ಬಿಡಿ. ಕಾದ ಎಣ್ಣೆಯ ಬಳಿ ಮಾತ್ರ ಅವರನ್ನು ಬಿಡಬೇಡಿ. ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತಾ ಗರಿಗರಿಯಾಗುವವರೆಗೆ ಸುಡಿ. ತುಸು ತುಪ್ಪ ಸವರಿ ಜೀರಿಗೆ ಪುಡಿ, ಉಪ್ಪು ಉದುರಿಸಿ.

ಚಕ್ರ: ಮೆತ್ತಗಿನ ಚಪಾತಿಗೆ ಗಟ್ಟಿಯಾದ ಕೊತ್ತಂಬರಿ ಚಟ್ನಿ ಸವರಿ, ಮೇಲೆ ಆಲೂಗಡ್ಡೆ ಪಲ್ಯವನ್ನು ತೆಳ್ಳಗೆ ಹರಡಿ, ಬಿಗಿಯಾಗಿ ಸುರುಳಿ ಸುತ್ತಿ. 15 ನಿಮಿಷ ಒದ್ದೆ ಬಟ್ಟೆಯಲ್ಲಿಟ್ಟು 1 ಇಂಚಿನ ತುಂಡು ಮಾಡಿದರೆ ಹಸಿರು ಸುಳಿಯ ಚಕ್ರಗಳು ಸಿದ್ಧ. ಇದನ್ನು ಆ ದಿನವೇ ಮಾಡಬೇಕು.

ಅರ್ಧಚಂದ್ರ: ಸಿಹಿಗೆ ಅಕ್ಕಿಯ ರೊಟ್ಟಿಯೇ ಚೆನ್ನ. ಅಕ್ಕಿ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಆದ್ದರಿಂದ ಮಲಬಾರಿನ ಪತ್ತಿರಿಯಂತೆ ಕುದಿಯುವ ನೀರಿನಲ್ಲೇ ಹಿಟ್ಟು ಕಲಸಿ, ಬಿಸಿಯಿರುವಾಗಲೇ ನಾದಬೇಕು. ಸಣ್ಣ ರೊಟ್ಟಿಗಳನ್ನು ಕಾವಲಿಯಲ್ಲಿ ಬೇಯಿಸಿ, ಕಾಯಿ-ಬೆಲ್ಲದ ಹೂರಣವಿಟ್ಟು ಮಡಚಿ. ಕಾಯಿಯ ಹೂರಣ ನಮ್ಮ ಕರಾವಳಿಯ ಸೆಕೆಯಲ್ಲಿ ಬೇಗ ಹಳಸುವುದರಿಂದ ಇದನ್ನೂ ಅಂದೇ ಮಾಡಿ ಅಂದೇ ಮುಗಿಸಿ.

ಬಟ್ಟಲು, ಚುಕ್ಕಿಗಳು ಹಿಂದಿನ ದಿನವೇ ಡಬ್ಬಿ ಸೇರಿರುತ್ತವೆ. ಚಕ್ರ, ಅರ್ಧಚಂದ್ರಗಳು ಮಧ್ಯಾಹ್ನದೊಳಗೆ ಮುಗಿಯುತ್ತವೆ. ಸಂಜೆ ಉಳಿಯುವುದು ತುಂಬಿ ಬಡಿಸುವ ಕೆಲಸ ಮಾತ್ರ. ಅದಕ್ಕೆ ಮನೆಯ ಗಂಡಸರ ಕೈಯೂ ಸಾಕು. ತಾಯಿ ಅಡುಗೆಮನೆಯಿಂದ ಹೊರಬಂದು ಮಗುವಿನ ಪಕ್ಕದಲ್ಲೇ ಕುಳಿತುಕೊಳ್ಳಲಿ.