ಹೋಶಂಗಾಬಾದಿನ ಮೇಷ್ಟ್ರುಗಳು, ದೆಹಲಿಯ ಪ್ರಾಧ್ಯಾಪಕರು

ದೆಹಲಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಹೇಳುವ ಪ್ರಾಧ್ಯಾಪಕರು ರೈಲು ಹತ್ತಿ ಮಧ್ಯಪ್ರದೇಶದ ಹಳ್ಳಿಗೆ ಬರುತ್ತಿದ್ದರು. ಅಲ್ಲಿನ ಸರ್ಕಾರಿ ಶಾಲೆಯ ಆರನೇ ತರಗತಿಯಲ್ಲಿ ಮಕ್ಕಳ ನಡುವೆ ಕೂತು, ಮೇಷ್ಟ್ರು ಪ್ರಯೋಗ ಮಾಡಿಸುವುದನ್ನು ನೋಡುತ್ತಿದ್ದರು. ಪುಸ್ತಕದ ಯಾವ ಸಾಲು ಮಕ್ಕಳಿಗೆ ಹತ್ತಲಿಲ್ಲ, ಯಾವ ಪ್ರಯೋಗ ಕೈಕೊಟ್ಟಿತು ಎಂಬುದನ್ನು ಬರೆದುಕೊಂಡು ಹೋಗಿ, ಮುಂದಿನ ಸಲ ತಿದ್ದಿದ ಪಾಠದೊಂದಿಗೆ ಮತ್ತೆ ಬರುತ್ತಿದ್ದರು. ಇದು ನಡೆದದ್ದು ಹೋಶಂಗಾಬಾದ್ ಜಿಲ್ಲೆಯಲ್ಲಿ. ನರ್ಮದಾ ದಂಡೆಯ ಆ ಜಿಲ್ಲೆಗೆ ಈಗ ನರ್ಮದಾಪುರಂ ಎಂದು ಹೆಸರು. ಆದರೆ ವಿಜ್ಞಾನ ಶಿಕ್ಷಣದ ಚರಿತ್ರೆಯಲ್ಲಿ ಹಳೆಯ ಹೆಸರೇ ಉಳಿದಿದೆ: ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ.

1972ರಲ್ಲಿ ಅದು ಶುರುವಾದಾಗ ಇದ್ದದ್ದು ಹದಿನಾರೇ ಶಾಲೆಗಳು. ಕೈಹಚ್ಚಿದ ಸಂಸ್ಥೆಗಳು ಎರಡು. ಒಂದು, ಹೋಶಂಗಾಬಾದ್ ಪಟ್ಟಣದ ಮಗ್ಗುಲಲ್ಲಿರುವ ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್. ಕ್ವೇಕರ್ ಪಂಥದವರು ಕಟ್ಟಿದ ಹಳೆಯ ಸಂಸ್ಥೆ. ಇನ್ನೊಂದು, ಬನ್‌ಖೇಡಿಯ ಬಳಿ ಆಗತಾನೆ ಕಣ್ಣುಬಿಟ್ಟಿದ್ದ ಕಿಶೋರ್ ಭಾರತಿ. ಅದನ್ನು ಕಟ್ಟಿದ ಅನಿಲ್ ಸದ್ಗೋಪಾಲ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಜೀವವಿಜ್ಞಾನಿಯಾಗಿದ್ದು, ಆ ನೌಕರಿ ಬಿಟ್ಟು ಹಳ್ಳಿಗೆ ಬಂದವರು. ಅದೇ ಟಾಟಾ ಸಂಸ್ಥೆಯ ಯಶ್‌ಪಾಲ್ ಮತ್ತಿತರ ವಿಜ್ಞಾನಿಗಳು ಬೆನ್ನಿಗೆ ನಿಂತರು. ಡೂನ್ ಶಾಲೆಯ ಬಿ.ಜಿ. ಪಿತ್ರೆ ಅವರ ಮುಂದಾಳತ್ವದಲ್ಲಿ ವಿಜ್ಞಾನ ಶಿಕ್ಷಕರ ಗುಂಪೊಂದು ಮಾಧ್ಯಮಿಕ ತರಗತಿಗೆಂದು ತಯಾರಿಸಿದ್ದ ಪ್ರಯೋಗ ಪಾಠಗಳು ಮೊದಲ ಬಂಡವಾಳವಾದವು. ಸ್ವಲ್ಪ ಕಾಲದಲ್ಲೇ ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರ ತಂಡವೂ ಜೊತೆಗೂಡಿತು. ಅವರು ಹೋಶಂಗಾಬಾದಿನಲ್ಲಿದ್ದು ಕೆಲಸ ಮಾಡಲೆಂದೇ ವಿಶ್ವವಿದ್ಯಾಲಯ ಅನುದಾನ ಆಯೋಗ ಫೆಲೋಶಿಪ್ ಕೊಟ್ಟಿತು. ಪ್ರಾಧ್ಯಾಪಕನೊಬ್ಬ ಹಳ್ಳಿ ಶಾಲೆಗೆ ಹೋಗುವುದು ಪುಣ್ಯದ ಕೆಲಸವಾಗಿ ಉಳಿಯದೆ ಅವನ ವೃತ್ತಿಯ ಭಾಗವೇ ಆದದ್ದು ಈ ಏರ್ಪಾಟಿನ ದೊಡ್ಡ ಗುಣ.

ಇನ್ನು ತರಬೇತಿ. ಬೇಸಿಗೆ ರಜೆಯಲ್ಲಿ ಸುಮಾರು ಮೂರು ವಾರದ ಶಿಬಿರ. ಆರನೇ ತರಗತಿಗೆ ಒಂದು ಬೇಸಿಗೆ, ಏಳಕ್ಕೆ ಇನ್ನೊಂದು, ಎಂಟಕ್ಕೆ ಮತ್ತೊಂದು. ಶಿಬಿರದಲ್ಲಿ ಭಾಷಣಕ್ಕೆ ಜಾಗವಿರಲಿಲ್ಲ. ಶಾಲೆಯಲ್ಲಿ ಮಕ್ಕಳು ನಾಲ್ಕು ನಾಲ್ಕು ಜನರ ಟೋಳಿಯಲ್ಲಿ ಕೂರುವಂತೆ ಇಲ್ಲಿ ಮೇಷ್ಟ್ರುಗಳೇ ಕೂರಬೇಕು; ಪ್ರಯೋಗ ಮಾಡಬೇಕು, ಕಂಡದ್ದನ್ನು ಬರೆಯಬೇಕು, ಆಮೇಲೆ ಎಲ್ಲರೆದುರು ವಾದಕ್ಕೆ ನಿಲ್ಲಬೇಕು.

ಅಳತೆಯ ಪಾಠವನ್ನೇ ನೋಡಿ. ಒಂದೇ ಮೇಜಿನ ಉದ್ದವನ್ನು ಪ್ರತಿಯೊಬ್ಬರೂ ಅಳೆದು ಕರಿಹಲಗೆಯ ಮೇಲೆ ಬರೆಯಬೇಕು. ಸಾಲುಸಾಲಾಗಿ ಬರುವ ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲ. ಯಾರದು ಸರಿ? ಇಷ್ಟು ವರ್ಷ ‘ಸರಿ ಉತ್ತರ’ ಹೇಳಿ ಮುಂದೆ ಹೋಗುತ್ತಿದ್ದ ಮೇಷ್ಟ್ರಿಗೆ ಇಲ್ಲಿ ಕಾಲೂರಲು ನೆಲ ಸಿಗುವುದಿಲ್ಲ. ಸ್ಕೇಲಿನ ತುದಿ ಸವೆದಿದೆಯೇ, ಅದನ್ನು ಎತ್ತಿ ಮತ್ತೆ ಇಡುವಾಗ ಎಲ್ಲಿ ಜಾರಿತು, ಕಣ್ಣನ್ನು ನೇರಕ್ಕೆ ಇಟ್ಟಿದ್ದರೇ ಎಂದು ಒಂದೊಂದಾಗಿ ವಿಚಾರಿಸಬೇಕಾಗುತ್ತದೆ. ಎಷ್ಟೇ ಜಾಗ್ರತೆಯಿಂದ ಅಳೆದರೂ ಅಳತೆಗಳಲ್ಲಿ ಏರುಪೇರು ಇದ್ದೇ ಇರುತ್ತದೆ, ಆ ಏರುಪೇರಿನ ನಡುವೆಯೇ ಒಂದು ತೀರ್ಮಾನಕ್ಕೆ ಬರಬೇಕು ಎಂಬಲ್ಲಿಗೆ ಚರ್ಚೆ ಮುಟ್ಟುತ್ತದೆ. ಕಾಲೇಜಿನಲ್ಲಿ ದೋಷ ವಿಶ್ಲೇಷಣೆ ಎಂದು ಕಲಿಸುವ ಸಂಗತಿ ಇಲ್ಲಿ ಆರನೇ ತರಗತಿಗೆ ಇಳಿದು ಬಂದಿತ್ತು. ಈ ಪಾಠಕ್ಕೆ ಬೇಕಾದದ್ದು ಒಂದು ಸ್ಕೇಲು, ಒಂದು ಮೇಜು, ಅವಸರ ಮಾಡದ ಒಬ್ಬ ಮೇಷ್ಟ್ರು.

ಸಾಮಗ್ರಿಗಾಗಿ ದೂರ ಹುಡುಕಬೇಕಿರಲಿಲ್ಲ. ಐಐಟಿ ಕಾನ್ಪುರದಲ್ಲಿ ಓದಿ ಪುಣೆಯ ಟೆಲ್ಕೊ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅರವಿಂದ ಗುಪ್ತ 1978ರಲ್ಲಿ ರಜೆ ಹಾಕಿ ಇಲ್ಲಿಗೆ ಬಂದರು. ಸೈಕಲ್ಲಿನ ವಾಲ್ವ್ ಟ್ಯೂಬಿನ ಸಣ್ಣ ತುಂಡಿಗೆ ಎರಡು ಕಡೆಯಿಂದ ಬೆಂಕಿಕಡ್ಡಿ ಚುಚ್ಚಿದರೆ ಒಂದು ಕೀಲು. ಮೂರು ಕಡ್ಡಿ ಸೇರಿಸಿದರೆ ತ್ರಿಕೋನ, ಅದು ಅಲುಗದು. ನಾಲ್ಕು ಸೇರಿಸಿದರೆ ಚೌಕ, ಅದು ವಾಲುತ್ತದೆ. ಮನೆಯ ಮಾಡಿನ ತೊಲೆಗಳಲ್ಲೂ ರೈಲ್ವೆ ಸೇತುವೆಯಲ್ಲೂ ತ್ರಿಕೋನಗಳೇ ಏಕೆ ಇವೆ ಎಂಬುದು ಮಗುವಿನ ಬೆರಳಿಗೇ ತಿಳಿಯುತ್ತದೆ. ಈ ಕಡ್ಡಿ ಆಟಿಕೆಗಳ ಪುಸ್ತಕ ಮುಂದೆ ಹಲವು ಭಾಷೆಗಳಿಗೆ ಹೋಯಿತು.

1978ರಲ್ಲಿ ರಾಜ್ಯ ಸರ್ಕಾರ ಕಾರ್ಯಕ್ರಮವನ್ನು ಇಡೀ ಜಿಲ್ಲೆಯ ಮಾಧ್ಯಮಿಕ ಶಾಲೆಗಳಿಗೆ ಹಬ್ಬಿಸಿತು. ಭೋಪಾಲದ ಪ್ರಾದೇಶಿಕ ಶಿಕ್ಷಣ ಕಾಲೇಜು ಕೈಜೋಡಿಸಿತು. ಪಾಠಗಳೆಲ್ಲ ಸೇರಿ ‘ಬಾಲ ವೈಜ್ಞಾನಿಕ’ ಎಂಬ ಕಾರ್ಯಪುಸ್ತಕವಾದವು. ಹೊಣೆ ಹೊರಲು 1982ರಲ್ಲಿ ‘ಏಕಲವ್ಯ’ ಸಂಸ್ಥೆ ಹುಟ್ಟಿತು. ಕಾರ್ಯಕ್ರಮ ಮುಚ್ಚುವ ಹೊತ್ತಿಗೆ ಹದಿನೈದು ಜಿಲ್ಲೆಗಳಲ್ಲಿ ಸುಮಾರು ಸಾವಿರ ಶಾಲೆಗಳು, ಒಂದು ಲಕ್ಷದಷ್ಟು ಮಕ್ಕಳು ಇದರಡಿಯಲ್ಲಿದ್ದರು.

ಅಂಕಿಗಳಿಗಿಂತ ಮುಖ್ಯವಾದದ್ದು ಶಿಬಿರ ಮುಗಿದ ಮೇಲೆ ಏನಾಗುತ್ತಿತ್ತು ಎಂಬುದು. ಸುತ್ತಲಿನ ಶಾಲೆಗಳ ವಿಜ್ಞಾನ ಮೇಷ್ಟ್ರುಗಳು ತಿಂಗಳಿಗೊಮ್ಮೆ ‘ಸಂಗಮ ಕೇಂದ್ರ’ ಎಂದು ಗೊತ್ತುಮಾಡಿದ ಶಾಲೆಯಲ್ಲಿ ಸೇರುತ್ತಿದ್ದರು. ಪ್ರಯೋಗ ಸಾಮಗ್ರಿಯ ಕಿಟ್ಟಿನಲ್ಲಿ ಯಾವ ಸಾಮಾನು ಖಾಲಿಯಾಗಿದೆ ಎಂಬುದರಿಂದ ಹಿಡಿದು ಮುಂದಿನ ಪಾಠದಲ್ಲಿ ಎಡವುವ ಜಾಗ ಯಾವುದು ಎಂಬುದರವರೆಗೆ ಅಲ್ಲೇ ಮಾತು. ವಿಶ್ವವಿದ್ಯಾಲಯದವರು, ಏಕಲವ್ಯದವರು ಶಾಲೆಗಳಿಗೆ ಹೋಗಿ ಪಾಠ ನೋಡಿ ಬರುವ ಪದ್ಧತಿ ಇತ್ತು. ಚುರುಕಾದ ಮೇಷ್ಟ್ರುಗಳು ಕೆಲವೇ ವರ್ಷಗಳಲ್ಲಿ ಸಂಪನ್ಮೂಲ ವ್ಯಕ್ತಿಗಳಾಗಿ ಮುಂದಿನ ಶಿಬಿರಗಳನ್ನು ತಾವೇ ನಡೆಸಿದರು. ಎಂಟನೇ ತರಗತಿಯ ಪರೀಕ್ಷೆಯೂ ಬದಲಾಯಿತು. ಪುಸ್ತಕ ತೆರೆದಿಟ್ಟು ಬರೆಯುವ ಲಿಖಿತ ಪರೀಕ್ಷೆ, ಜೊತೆಗೆ ಪ್ರಯೋಗ ಪರೀಕ್ಷೆ. ಪುಸ್ತಕದಲ್ಲಿ ಉತ್ತರ ಸಿಗದಂಥ ಪ್ರಶ್ನೆ ತೆಗೆಯುವುದು ಎಷ್ಟು ಕಷ್ಟ ಎಂಬುದು ಪ್ರಶ್ನೆಪತ್ರಿಕೆ ತಯಾರಿಸಿದವರಿಗೇ ಗೊತ್ತು. ಮಕ್ಕಳು ಪ್ರಶ್ನೆ ಕೇಳಲೆಂದು ‘ಸವಾಲಿರಾಮ’ ಎಂಬ ಕಲ್ಪಿತ ವ್ಯಕ್ತಿಯೂ ಇದ್ದ. ಹಳ್ಳಿಗಳಿಂದ ಅವನಿಗೆ ಕಾಗದ ಬರುತ್ತಿತ್ತು, ಉತ್ತರವೂ ಹೋಗುತ್ತಿತ್ತು.

ಕೊರತೆಗಳು ಇರಲಿಲ್ಲವೆಂದಲ್ಲ. ಶಾಲೆ ಹೆಚ್ಚಿದಂತೆ ಕಿಟ್ ತುಂಬಿಸುವುದು ತಡವಾಗತೊಡಗಿತು. ತರಬೇತಾದವರಿಗೆ ವರ್ಗವಾಗುತ್ತಿತ್ತು. ನಮ್ಮ ಜಿಲ್ಲೆಯ ಮಕ್ಕಳು ಮಾತ್ರ ಬೇರೆ ಪುಸ್ತಕ ಓದಿದರೆ ಹೈಸ್ಕೂಲಿನಲ್ಲಿ ಹಿಂದೆ ಬೀಳುತ್ತಾರೆ ಎಂಬ ತಕರಾರೂ ಎದ್ದಿತು. 2002ರಲ್ಲಿ ಮಧ್ಯಪ್ರದೇಶ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ನಿಲ್ಲಿಸುವುದು ಬೇಡವೆಂದು ದೇಶದ ಹಲವು ವಿಜ್ಞಾನಿಗಳು ಹೇಳಿದರೂ ತೀರ್ಮಾನ ಬದಲಾಗಲಿಲ್ಲ. ಕೊರತೆ ಇದ್ದ ಕಡೆ ತಿದ್ದಬೇಕಿತ್ತು. ಮೂವತ್ತು ವರ್ಷ ಬೆಳೆಸಿದ್ದನ್ನು ಒಂದು ಆದೇಶದಲ್ಲಿ ಕಿತ್ತದ್ದು ತಪ್ಪು ನಿರ್ಧಾರ. ಮೂರು ವರ್ಷಗಳ ತರುವಾಯ ಬಂದ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಮಕ್ಕಳು ಮಾಡಿ ನೋಡಿ ಕಲಿಯಬೇಕು ಎಂಬುದನ್ನೇ ಒತ್ತಿ ಹೇಳಿತು. ಅದನ್ನು ರೂಪಿಸಿದ ಸಮಿತಿಯ ಅಧ್ಯಕ್ಷರು ಅದೇ ಯಶ್‌ಪಾಲ್.

ಕರ್ನಾಟಕದಲ್ಲಿ ಇಂಥ ಕೂಡುಕೆಲಸಕ್ಕೆ ಬೇಕಾದ ಅಂಗಗಳೆಲ್ಲ ಬಿಡಿಬಿಡಿಯಾಗಿ ಇವೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಆವರಣದಲ್ಲೇ ಪ್ರಾತ್ಯಕ್ಷಿಕೆ ಶಾಲೆ ಇದೆ. ಶಿಕ್ಷಕರಾಗಲಿರುವವರು ಅಲ್ಲಿನ ಮಕ್ಕಳಿಗೆ ಪಾಠ ಮಾಡಿ ಕಲಿಯುತ್ತಾರೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತಿಭಾ ವಿಕಾಸ ಕೇಂದ್ರ ಹೈಸ್ಕೂಲು, ಪಿಯು ಅಧ್ಯಾಪಕರನ್ನು ಕರೆಸಿ ಪ್ರಯೋಗಾಲಯದಲ್ಲಿ ಕೂರಿಸುತ್ತದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಮಾಧ್ಯಮಿಕ ವಿಜ್ಞಾನ ಶಿಕ್ಷಕರಿಗೆಂದೇ ‘ಐ ವಂಡರ್’ ಪತ್ರಿಕೆ ತರುತ್ತಿದೆ. ಆರರಿಂದ ಎಂಟರವರೆಗೆ ಕಲಿಸಲು ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆ ಇದೆ, ಕ್ಲಸ್ಟರ್ ಮಟ್ಟದಲ್ಲಿ ಸಮಾಲೋಚನಾ ಸಭೆ ಇದೆ. ಈ ಸಭೆಯ ಹೊತ್ತು ಸುತ್ತೋಲೆ, ಅಂಕಿಅಂಶಗಳಿಗೇ ಸವೆದುಹೋಗದೆ, ಅದರಲ್ಲಿ ಒಂದು ಗಂಟೆಯಾದರೂ ಒಂದು ಪ್ರಯೋಗಕ್ಕೆ ಸಿಗಬೇಕು. ಆ ಗಂಟೆಗೆ ಹತ್ತಿರದ ಪದವಿ ಕಾಲೇಜಿನ ಭೌತಶಾಸ್ತ್ರದವರೋ ಸಸ್ಯಶಾಸ್ತ್ರದವರೋ ಬಂದು ಕೂರಬೇಕು. ಒಂದು ದಿನಕ್ಕೆಂದು ಬಂದುಹೋಗದೆ ವರ್ಷಪೂರ್ತಿ ಬರಬೇಕು.

ವಿಜ್ಞಾನ ಪದವಿ ಕಾಲೇಜುಗಳು ಈಗ ತಾಲ್ಲೂಕು ಕೇಂದ್ರಗಳವರೆಗೂ ಬಂದಿವೆ. ಅವುಗಳ ಅಧ್ಯಾಪಕರು ಈ ಕೆಲಸಕ್ಕೆ ಹೊರಟರೆ ಅದನ್ನು ಕರ್ತವ್ಯದ ವೇಳೆ ಎಂದು ಇಲಾಖೆ ಲೆಕ್ಕಕ್ಕೆ ಹಿಡಿಯಲಿ, ಅವರ ಬಡ್ತಿಯಲ್ಲೂ ಅದಕ್ಕೊಂದು ತೂಕವಿರಲಿ. ಅಧ್ಯಾಪಕರೂ ಆದೇಶಕ್ಕಾಗಿ ಕಾಯದೆ, ತಮ್ಮ ಕಾಲೇಜಿಗೆ ಹತ್ತಿರದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯನ್ನು (ಸಿಆರ್‌ಪಿ) ಕಂಡು ಮುಂದಿನ ಸಭೆ ಯಾವತ್ತು ಎಂದು ಕೇಳಬಹುದು.