ಉಪ್ಪಿಗೂ ಅಯಸ್ಕಾಂತಕ್ಕೂ ಏನು ನಂಟು?

ಹೈದರಾಲಿಯ ಜನ್ಮಸ್ಥಳವೆಂದು ಹೆಸರಾದ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯ ಸುತ್ತಮುತ್ತ ಇರುವುದು ಬಂಡೆಗಳ ನೆಲ. ಇಂತಹ ನೆಲದ ಹಳ್ಳಗಳ ಮರಳಿನಲ್ಲಿ ಅಯಸ್ಕಾಂತವನ್ನು ಎಳೆದಾಡಿದರೆ ಅದರ ತುದಿಗೆ ಕಪ್ಪು ಕಣಗಳು ಮೀಸೆಯಂತೆ ಅಂಟಿಕೊಳ್ಳುವುದು ಸಾಮಾನ್ಯ. ಬಂಡೆ ಶಿಥಿಲವಾದಾಗ ಉದುರುವ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳು ಅವು. ಸಮೀಪದ ಕೋಲಾರ ಚಿನ್ನದ ಗಣಿ ಪ್ರದೇಶದ ಶಿಲಾಪಟ್ಟಿಯಲ್ಲಿಯೂ ಈ ಖನಿಜವುಳ್ಳ ಕಲ್ಲಿನ ಪದರಗಳಿವೆ.

ಅದೇ ಅಯಸ್ಕಾಂತವನ್ನು ಅಡುಗೆಮನೆಯ ಉಪ್ಪಿನ ಡಬ್ಬಿಗೆ ಇಳಿಸಿದರೆ? ಉಪ್ಪು ಅದಕ್ಕೆ ಅಂಟುವುದಿಲ್ಲ. ಆದರೆ ಉಪ್ಪಿಗೆ ಕಾಂತೀಯ ಗುಣವೇ ಇಲ್ಲವೆಂದು ಹೇಳುವುದು ಸರಿಯಲ್ಲ. ಅಯಸ್ಕಾಂತ ಉಪ್ಪನ್ನು ಅತ್ಯಲ್ಪ ಬಲದಿಂದ ದೂರಕ್ಕೆ ತಳ್ಳುತ್ತದೆ. ಈ ಗುಣಕ್ಕೆ ಪ್ರತಿಕಾಂತತೆ ಎಂದು ಹೆಸರು. 1845ರಲ್ಲಿ ಮೈಕೆಲ್ ಫ್ಯಾರಡೆ ಇದನ್ನು ವಿವರವಾಗಿ ಪರೀಕ್ಷಿಸಿ, ಅನೇಕ ವಸ್ತುಗಳಲ್ಲಿ ಇದು ಇರುವುದನ್ನು ತೋರಿಸಿದರು.

ಕಾರಣ ಸರಳ. ಉಪ್ಪಿನ ಹರಳಿನಲ್ಲಿರುವ ಸೋಡಿಯಂ ಅಯಾನಿನಲ್ಲಿ 10, ಕ್ಲೋರೈಡ್ ಅಯಾನಿನಲ್ಲಿ 18 ಎಲೆಕ್ಟ್ರಾನುಗಳಿವೆ. ಅವೆಲ್ಲವೂ ಜೋಡಿಜೋಡಿಯಾಗಿದ್ದು, ಒಂದರ ಕಾಂತತೆಯನ್ನು ಇನ್ನೊಂದು ಅಳಿಸಿಹಾಕುತ್ತದೆ. ಕಬ್ಬಿಣದಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನುಗಳು ಒಟ್ಟಾಗಿ ಒಂದೇ ದಿಕ್ಕಿಗೆ ನಿಲ್ಲುವುದರಿಂದಲೇ ಬಲವಾದ ಸೆಳೆತ ಉಂಟಾಗುತ್ತದೆ. ಉಪ್ಪಿನಲ್ಲಿ ಉಳಿಯುವುದು ಹೊರಗಿನ ಕಾಂತಕ್ಷೇತ್ರವನ್ನು ವಿರೋಧಿಸುವ ಕ್ಷೀಣ ಪ್ರತಿಕ್ರಿಯೆ ಮಾತ್ರ. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಇದು ನೀರಿನದಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು. ಆದರೂ ಮನೆಯ ಅಯಸ್ಕಾಂತದಿಂದ ಕಣ್ಣಿಗೆ ಕಾಣುವಂತಹುದಲ್ಲ. 1997ರಲ್ಲಿ ನೆದರ್ಲೆಂಡ್ಸ್‌ನ ನೈಮೇಖೆನ್‌ನಲ್ಲಿ ಆಂದ್ರೆ ಗೈಮ್ ಮತ್ತು ಸಂಗಡಿಗರು ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದ್ದು ಇದೇ ಗುಣದ ಬಲದಿಂದ. ಅದಕ್ಕೆ ಸುಮಾರು 16 ಟೆಸ್ಲಾ ಶಕ್ತಿಯ ಅಯಸ್ಕಾಂತ ಬೇಕಾಯಿತು.

ಹಾಗಾದರೆ ಉಪ್ಪಿಗಿಳಿಸಿದ ಅಯಸ್ಕಾಂತಕ್ಕೆ ಒಮ್ಮೊಮ್ಮೆ ಕಣಗಳು ಅಂಟಿಕೊಳ್ಳುವುದೇಕೆ? ತೇವದಿಂದಲೋ ಸ್ಥಾಯಿ ವಿದ್ಯುತ್ತಿನಿಂದಲೋ ಹರಳುಗಳು ಹತ್ತಿರಬಹುದು. ಮರದ ಚಮಚಕ್ಕೂ ಅವು ಹಾಗೆಯೇ ಅಂಟಿದರೆ ಅದು ಕಾಂತತೆಯಲ್ಲ. ಕಪ್ಪು ಚುಕ್ಕೆಗಳು ಅಂಟಿದರೆ ಸಂದೇಹಪಡಬೇಕಾದುದು ಮರಳು, ತುಕ್ಕು ಅಥವಾ ಯಂತ್ರದ ಸವಕಳಿಯನ್ನು. ಉಪ್ಪನ್ನು ನೀರಿನಲ್ಲಿ ಕರಗಿಸಿ, ತಳದಲ್ಲಿ ಉಳಿದುದರ ಮೇಲೆ ಪ್ಲಾಸ್ಟಿಕ್ ಸುತ್ತಿದ ಅಯಸ್ಕಾಂತವನ್ನು ಆಡಿಸಿದರೆ ವಿಷಯ ಸ್ಪಷ್ಟವಾಗುತ್ತದೆ.

ಇಲ್ಲಿ ಇನ್ನೊಂದು ಗೊಂದಲಕ್ಕೂ ಎಡೆಯುಂಟು. ಅಯೋಡಿನ್ ಜೊತೆಗೆ ಕಬ್ಬಿಣಾಂಶವನ್ನೂ ಸೇರಿಸಿದ ಉಪ್ಪು ದೇಶದಲ್ಲಿ ಬಳಕೆಯಲ್ಲಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಾವಳಿಯಲ್ಲಿ ಇಂತಹ ಉಪ್ಪಿನ ಕಿಲೋಗೆ 850ರಿಂದ 1,100 ಮಿಲಿಗ್ರಾಂ ಕಬ್ಬಿಣಾಂಶವನ್ನು ನಿಗದಿಪಡಿಸಲಾಗಿದೆ. ಅದು ಲೋಹದ ಪುಡಿಯಲ್ಲ, ಫೆರಸ್ ಫ್ಯೂಮರೇಟ್‌ನಂತಹ ಸಂಯುಕ್ತ. ಸಾಧಾರಣ ಅಯಸ್ಕಾಂತಕ್ಕೆ ಅದು ಕಬ್ಬಿಣದ ರಜದಂತೆ ಹತ್ತುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣ ಎಂಬ ಪದಕ್ಕೇ ಬೆದರಿ ಅಂತಹ ಉಪ್ಪನ್ನು ದೂರವಿಡುವುದು ಜಾಣತನವಲ್ಲ.

ಅಯಸ್ಕಾಂತದ ಪರೀಕ್ಷೆಗೆ ಮತ್ತೊಂದು ಮಿತಿಯೂ ಇದೆ. ಸೀಮೆಸುಣ್ಣದ ಪುಡಿಯಾಗಲಿ ಬಿಳಿಕಲ್ಲಿನ ಪುಡಿಯಾಗಲಿ ಅದಕ್ಕೆ ಅಂಟುವುದಿಲ್ಲ. ಹಾಗಾಗಿ ಏನೂ ಅಂಟಲಿಲ್ಲವೆಂದ ಮಾತ್ರಕ್ಕೆ ಉಪ್ಪು ಶುದ್ಧವೆನ್ನಲಾಗದು. ಒಂದು ಲೋಟ ನೀರು ಇದಕ್ಕಿಂತ ಉತ್ತಮ ಸಾಕ್ಷಿ. ಶುದ್ಧ ಉಪ್ಪು ಪೂರ್ತಿ ಕರಗುತ್ತದೆ, ಇಂತಹ ಕಲಬೆರಕೆ ತಳದಲ್ಲಿ ಉಳಿಯುತ್ತದೆ.