ಹೆಬ್ಬೆಟ್ಟಿನ ಕಾವಲು: ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಭಾಗದ ಹಿರಿಯರಿಗೆ ಹೆಬ್ಬೆಟ್ಟಿನ ಭಯ ಹೊಸದಲ್ಲ. ಏನೂ ಬರೆಯದ ಕಾಗದದ ಮೇಲೆ ಸಾವಕಾರನೆದುರು ಹೆಬ್ಬೆಟ್ಟು ಒತ್ತಬಾರದೆಂಬ ತಿಳಿವಳಿಕೆ ಮನೆಮನೆಗಳಲ್ಲಿತ್ತು. ಈಗ ಮಸಿಯ ಡಬ್ಬಿ ಹೋಗಿ ಗಾಜಿನ ಯಂತ್ರ ಬಂದಿದೆ. ರೇಶನ್ ಅಂಗಡಿಯಲ್ಲಿ, ಸಿಮ್ ಕೊಳ್ಳುವಲ್ಲಿ, ಬ್ಯಾಂಕ್ ಮಿತ್ರನ ಹತ್ತಿರ, ಸಬ್ ರಜಿಸ್ಟ್ರಾರ ಕಚೇರಿಯಲ್ಲಿ ಬೆರಳು ಇಡಬೇಕಾಗುತ್ತದೆ. ಆದರೆ ಆ ಹಳೆಯ ಎಚ್ಚರ ಮಾತ್ರ ನಮ್ಮಲ್ಲಿ ಕಡಿಮೆಯಾಗಿದೆ.

2023ರಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಸಂಗತಿಯನ್ನು ಜಮೀನುಳ್ಳವರೆಲ್ಲರೂ ತಿಳಿಯತಕ್ಕದ್ದು. ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಗಳಿಂದ ಅವರಿಗೆ ಅರಿವಿಲ್ಲದಂತೆ ಹಣ ಹೋಯಿತು. ಅವರು ಯಾರಿಗೂ ಓಟಿಪಿ ಹೇಳಿರಲಿಲ್ಲ, ಎಟಿಎಂ ಕಾರ್ಡನ್ನೂ ಕೊಟ್ಟಿರಲಿಲ್ಲ. ಪೊಲೀಸರ ತನಿಖೆಯಲ್ಲಿ ತಿಳಿದುಬಂದುದೇನೆಂದರೆ, ವಂಚಕರು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದ ಮೂಲಕ ದೊರೆತ ಖರೀದಿ ಪತ್ರಗಳಿಂದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಎತ್ತಿಕೊಂಡು, ಕೃತಕ ಬೆರಳಚ್ಚು ತಯಾರಿಸಿ ಹಣ ತೆಗೆದಿದ್ದರು. ಆ ಮೇಲೆ ಇಂಥ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡುವ ಕ್ರಮ ಕೈಗೊಳ್ಳಲಾಯಿತು. ಆದರೆ ಅದಕ್ಕೂ ಮೊದಲು ಹೊರಬಿದ್ದ ಪ್ರತಿಗಳು ಹೊರಗೇ ಇವೆ.

ಇದು ಹೇಗೆ ಸಾಧ್ಯವಾಯಿತು? ಹಳ್ಳಿಯ ಬ್ಯಾಂಕ್ ಮಿತ್ರನ ಕೈಯಲ್ಲಿರುವ ಚಿಕ್ಕ ಯಂತ್ರದಲ್ಲಿ ಹಣ ತೆಗೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳು ಸಾಕು. ಒಂದು ಬಾರಿಗೆ 10,000 ರೂಪಾಯಿಯವರೆಗೆ ತೆಗೆಯಬಹುದು. ಬ್ಯಾಂಕಿಗೆ ದೂರವಿರುವ ಮುದುಕರಿಗೆ, ಪಿಂಚಣಿಯವರಿಗೆ ಇದು ದೊಡ್ಡ ಉಪಕಾರವೇ ಸರಿ. ತಪ್ಪಾದುದು ಬೇರೆ ಕಡೆ. ಒಂದು ಕಚೇರಿಯಲ್ಲಿ ಬೆರಳಚ್ಚು ಬರೀ ಸಹಿ. ಸಹಿಯನ್ನು ಯಾರು ಬೇಕಾದರೂ ನೋಡಬಹುದು. ಇನ್ನೊಂದು ಕಡೆ ಅದೇ ಬೆರಳಚ್ಚು ತಿಜೋರಿಯ ಕೀಲಿಕೈ. ಎರಡೂ ಕಡೆ ಒಂದೇ ಬೆರಳನ್ನು ಬಳಸಿದುದರಿಂದ ಕೀಲಿಕೈಯ ನಕಲು ಖರೀದಿ ಪತ್ರದೊಡನೆ ಊರೆಲ್ಲ ತಿರುಗಿತು. ಎಟಿಎಂ ಕಾರ್ಡಿನ ಗುಟ್ಟಿನ ಸಂಖ್ಯೆ ಬಯಲಾದರೆ ಬದಲಾಯಿಸಬಹುದು. ಬೆರಳನ್ನು ಬದಲಾಯಿಸುವಂತಿಲ್ಲ.

ಗುರುತಿನ ವ್ಯವಸ್ಥೆಯನ್ನು ಅಳೆಯಲು ಒಂದು ಸರಳ ಪ್ರಶ್ನೆ ಸಾಕೆಂದು ನನ್ನ ಅಭಿಪ್ರಾಯ: ಕೇಳುವವನಿಗೆ ಎಷ್ಟು ಬೇಕೋ ಅಷ್ಟೇ ಸಿಗುತ್ತದೆಯೋ, ಅಥವಾ ಇಡೀ ಜಾತಕವೇ ಅವನ ಕೈಗೆ ಹೋಗುತ್ತದೆಯೋ? ಆಧಾರಿನ ಮೂಲ ಯೋಚನೆ ಈ ವಿಷಯದಲ್ಲಿ ಕೆಟ್ಟದ್ದಲ್ಲ. 'ಈ ಸಂಖ್ಯೆಯವರು ಇವರೇನಾ?' ಎಂದು ಯಂತ್ರ ಕೇಳಿದರೆ 'ಹೌದು' ಅಥವಾ 'ಅಲ್ಲ' ಎಂಬ ಉತ್ತರವಷ್ಟೇ ಬರಬೇಕೆಂಬುದು ಅದರ ಒಂದು ವಿಧಾನ. 2018ರಲ್ಲಿ 16 ಅಂಕಿಗಳ ವರ್ಚುವಲ್ ಐಡಿ ಬಂತು. ಇದು ಮೂಲ ಸಂಖ್ಯೆಯ ಬದಲು ಕೊಡಬಹುದಾದ, ಬೇಕಾದಾಗ ಬದಲಾಯಿಸಬಹುದಾದ ಸಂಖ್ಯೆ. ಮೊದಲಿನ ಎಂಟು ಅಂಕಿಗಳನ್ನು ಮುಚ್ಚಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ ಆಧಾರ್ ಪ್ರತಿಯೂ ಸಿಗುತ್ತದೆ. ಆದರೆ ನಮ್ಮ ಝೆರಾಕ್ಸ್ ಅಂಗಡಿಗಳ ಮುಂದೆ ನಿಂತು ನೋಡಿದರೆ ಇವನ್ನು ಬಳಸುವವರು ಕಾಣುವುದಿಲ್ಲ.

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಕಂಡಕಂಡವರಿಗೆ ಆಧಾರ್ ನಕಲು ಕೊಡಬೇಡಿ, ಅಂಕಿ ಮುಚ್ಚಿದ ಪ್ರತಿ ಕೊಡಿ ಎಂದು ಪ್ರಕಟಣೆ ಹೊರಡಿಸಿತ್ತು. ಜನ ತಪ್ಪಾಗಿ ತಿಳಿದಾರೆಂದು ಎರಡೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಯಿತು. ಪ್ರಕಟಣೆ ಹೋದರೂ ಅದರೊಳಗಿನ ಬುದ್ಧಿಮಾತು ನಮಗೆ ಬೇಕಾದದ್ದೇ.

ಗುಟ್ಟು ನಮ್ಮ ಹಕ್ಕೇ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ತೀರ್ಪಾಯಿತು. (ನಮ್ಮ ಹಾವೇರಿ ಜಿಲ್ಲೆ ಹುಟ್ಟಿದ್ದೂ 1997ರ ಆಗಸ್ಟ್ 24ರಂದೇ.) 2018ರ ಸೆಪ್ಟೆಂಬರ್ 26ರ ತೀರ್ಪು ಸರ್ಕಾರದ ಸಹಾಯಧನಗಳಿಗೆ ಆಧಾರ್ ಕೇಳುವುದನ್ನು ಒಪ್ಪಿತು. ಖಾಸಗಿ ಕಂಪನಿಗಳು ಕಡ್ಡಾಯವಾಗಿ ಕೇಳುವುದನ್ನು ಒಪ್ಪಲಿಲ್ಲ. ಬ್ಯಾಂಕು, ಮೊಬೈಲ್ ಕಂಪನಿಗಳಿಗೆ ನೀವಾಗಿ ಒಪ್ಪಿ ಕೊಡಬಹುದೆಂದು 2019ರಲ್ಲಿ ಕಾನೂನು ತಿದ್ದುಪಡಿಯಾಯಿತು.

ಇನ್ನು ನಮ್ಮ ಉತಾರಗಳ ವಿಷಯ. ರಾಜ್ಯದ ಪಹಣಿಗಳನ್ನು ಕಂಪ್ಯೂಟರಿಗೆ ಸೇರಿಸಿದ ಭೂಮಿ ಯೋಜನೆಯಲ್ಲಿ, ಈ ಶತಮಾನದ ಆರಂಭದಲ್ಲಿಯೇ, ಬೆರಳಚ್ಚಿನ ಕಾವಲಿತ್ತು. ಅಲ್ಲಿ ಬೆರಳು ಇಡಬೇಕಾದವರು ರೈತರಲ್ಲ, ದಾಖಲೆ ತಿದ್ದುವ ಅಧಿಕಾರಿಗಳು. ಯಾರು, ಯಾವಾಗ ತಿದ್ದಿದರೆಂಬುದು ಉಳಿಯಲಿ ಎಂಬುದು ಉದ್ದೇಶ. ಇದನ್ನು ನಾನು ಒಳ್ಳೆಯ ವ್ಯವಸ್ಥೆಯೆನ್ನುತ್ತೇನೆ. ಈಗ ಫ್ರೂಟ್ಸ್ ತಂತ್ರಾಂಶದಲ್ಲಿ ಪ್ರತಿ ರೈತರಿಗೂ ಒಂದು ಎಫ್‌ಐಡಿ ಸಂಖ್ಯೆ ಇದೆ. ಬೆಂಬಲ ಬೆಲೆ ಖರೀದಿ, ಬೆಳೆ ಪರಿಹಾರ, ವಿಮೆ, ಬೆಳೆ ಸಾಲಗಳಿಗೆ ಇದನ್ನೇ ಕೇಳುತ್ತಾರೆ. ಪ್ರತಿ ಕಚೇರಿಗೂ ಉತಾರದ ಕಟ್ಟು ಹೊತ್ತೊಯ್ಯುವುದು ಇದರಿಂದ ತಪ್ಪುತ್ತದೆ. ಆದರೆ ಅಜ್ಜನ ಹೆಸರಿನಲ್ಲಿಯೇ ಉಳಿದ ಸರ್ವೆ ನಂಬರು ನಿಮ್ಮ ಎಫ್‌ಐಡಿಗೆ ಸೇರುವುದಿಲ್ಲ. ಆ ತೋಟಕ್ಕೆ ಕೊಳೆ ರೋಗ ಬಂದರೆ ಪರಿಹಾರದ ಪಟ್ಟಿಯಲ್ಲಿ ನಿಮ್ಮ ಹೆಸರು ಹುಡುಕಬೇಕಾದೀತು. ವಾರಸಾ ಕೆಲಸ ಬಾಕಿಯಿದ್ದವರು ಮೊದಲು ಅದನ್ನು ಮುಗಿಸಿ, ಆಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ಎಂದು ನೋಡತಕ್ಕದ್ದು. 2024ರಲ್ಲಿ ನಡೆದ ಪಹಣಿ ಮತ್ತು ಆಧಾರ್ ಜೋಡಣೆ, ಸುಳ್ಳು ಮಾಲೀಕರು ಜಮೀನು ಮಾರುವುದನ್ನು ತಡೆಯಲೆಂದು ಬಂದದ್ದು. ಅದನ್ನು ಅನುಮಾನದಿಂದ ಬಿಟ್ಟವರು ಮಾಡಿಸಿಕೊಳ್ಳುವುದು ಒಳ್ಳೆಯದು.

ಬೆರಳೇ ಒಪ್ಪದವರ ಕಷ್ಟ ಬೇರೆ. ಅಡಿಕೆ ಸುಲಿಯುವ ಹೆಣ್ಣುಮಕ್ಕಳ ಬೆರಳತುದಿ ಸವೆದು, ಕಲೆಗಟ್ಟಿ, ಸುಗ್ಗಿಯ ದಿನಗಳಲ್ಲಿ ಸೀಳಿರುತ್ತದೆ. ಯಂತ್ರ ನಾಲ್ಕು ಸಲ 'ಅಲ್ಲ' ಎಂದರೆ ರೇಶನ್ ಅಂಗಡಿಯಿಂದ ಬರಿಗೈಲಿ ಬರಬೇಕೆ? ನಂಬಿಕೆಗೆ ಅರ್ಹವಾದ ವ್ಯವಸ್ಥೆಯಲ್ಲಿ ಎರಡನೆಯ ದಾರಿ ಇರಲೇಬೇಕು. ಪಿಎಂ ಕಿಸಾನ್ ಯೋಜನೆಯ ಗುರುತು ಪರಿಶೀಲನೆಯನ್ನು 2023ರಿಂದ ಮುಖ ತೋರಿಸಿಯೂ ಮಾಡಿಸಬಹುದಾಗಿದೆ. ಓಟಿಪಿಯ ದಾರಿಯೂ ಇದೆ. ಅದಕ್ಕೆ ನಿಮ್ಮದೇ ಮೊಬೈಲ್ ಸಂಖ್ಯೆ ಆಧಾರಿಗೆ ಜೋಡಣೆಯಾಗಿರಬೇಕು. ಮಗನದೋ ಏಜೆಂಟನದೋ ಆಗಿದ್ದರೆ ನಿಮ್ಮ ಕೀಲಿಕೈ ಅವರ ಹತ್ತಿರ ಇದ್ದಂತೆ.

ವ್ಯಾಪಾರಿಗಳ ಗುರುತಿಗೆ ನ್ಯಾಯ ಬೇರೆ. ನಾವು ಹಸಿ ಅಡಿಕೆ ಮಾರುವಾಗ, ತೋಟ ಖೇಣಿಗೆ ಕೊಡುವಾಗ ಎದುರಿನವರು ಯಾರೆಂದು ತಿಳಿಯುವುದು ನಮ್ಮ ಹಕ್ಕು. ಜಿಎಸ್‌ಟಿ ಸಂಖ್ಯೆಗೆ 15 ಅಕ್ಷರ ಮತ್ತು ಅಂಕಿಗಳಿರುತ್ತವೆ. ಕರ್ನಾಟಕದ್ದಾದರೆ ಮೊದಲು 29 ಇರುತ್ತದೆ. ಜಿಎಸ್‌ಟಿ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ವ್ಯಾಪಾರದ ಹೆಸರು ಮತ್ತು ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ತಿಳಿಯುತ್ತದೆ. ಇದಕ್ಕೆ ಯಾರ ಅಪ್ಪಣೆಯೂ ಬೇಡ. ಮುಂಗಡ ಕೈಗೆ ಬರುವ ಮೊದಲೇ ನೋಡಿಕೊಳ್ಳಿರಿ. ಇನ್ನೊಬ್ಬರ ಪ್ಯಾನ್, ಆಧಾರ್ ನಕಲು ಬಳಸಿ ಸುಳ್ಳು ನೋಂದಣಿ ಪಡೆದವರ ಮೇಲೆ 2023ರಲ್ಲಿ ದೇಶವ್ಯಾಪಿ ತಪಾಸಣೆಯೇ ನಡೆಯಿತು. ಕೊಟ್ಟ ಝೆರಾಕ್ಸ್ ಎಲ್ಲಿಯವರೆಗೆ ಹೋಗಬಲ್ಲದೆಂಬುದು ಇದರಿಂದ ತಿಳಿಯುತ್ತದೆ.

ನಮ್ಮಂಥ ಸಹಕಾರಿ ಸಂಘಗಳ ಕಪಾಟುಗಳಲ್ಲಿಯೂ ಸದಸ್ಯರ ಆಧಾರ್ ನಕಲುಗಳು ಕಟ್ಟುಗಟ್ಟಲೆ ಇವೆ. ಹೇಳಲು ಸಂಕೋಚವೇನಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಅವಧಿ ಇದೆ. ನಕಲನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸಿದರೆ ಅದನ್ನು ಕಾಯುವ ಹೊಣೆ ಸಂಘದ್ದು. ಏಕೆ ಬೇಕು, ಎಷ್ಟು ದಿನ ಇಡುತ್ತೀರಿ ಎಂದು ಸದಸ್ಯರು ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಕೇಳಿದರೆ ಅದು ತಂಟೆಯಲ್ಲ.

ಈಗ ಮಾಡಬೇಕಾದ ಕೆಲಸ. ಪ್ರಾಧಿಕಾರದ ಆಪ್‌ನಲ್ಲಿ ಅಥವಾ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಎಂಬ ಸೌಲಭ್ಯ ಇದೆ. ಖರ್ಚಿಲ್ಲ. ಲಾಕ್ ಮಾಡಿದರೆ ಬೆರಳಿನ ನಕಲು ಯಾರ ಹತ್ತಿರ ಇದ್ದರೂ ಯಂತ್ರ ಒಪ್ಪುವುದಿಲ್ಲ. ರೇಶನ್ ತರುವ ದಿನ ಸ್ವಲ್ಪ ಹೊತ್ತು ತೆರೆಯಬೇಕಾಗುತ್ತದೆ, ಅದೊಂದು ರಗಳೆ. ಮೊಬೈಲ್ ಜೋಡಣೆಯಾಗಿಲ್ಲದವರು ಮೊದಲು ಆಧಾರ್ ಕೇಂದ್ರಕ್ಕೆ ಹೋಗಬೇಕು. ಹಣ ಹೋದದ್ದು ತಿಳಿದೊಡನೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮೂರು ಕೆಲಸದ ದಿನಗಳೊಳಗೆ ಕೊಟ್ಟರೆ ನಿಮ್ಮ ಪಕ್ಷ ಗಟ್ಟಿಯಾಗಿರುತ್ತದೆ. ನಕಲು ಕೊಡಲೇಬೇಕಾದಲ್ಲಿ ಅದರ ಮೇಲೆ ಅಡ್ಡವಾಗಿ ಯಾವ ಕೆಲಸಕ್ಕೆ, ಯಾರಿಗೆ, ಯಾವ ತಾರೀಖು ಎಂದು ಬರೆದು ಸಹಿ ಮಾಡಿ ಕೊಡಿರಿ.